ಪೊರಂಬೋಕು ಕರಡಿ

ಮಾಸುಮಾಬಿ ಯಾರನ್ನೂ ನಂಬುತ್ತಿರಲಿಲ್ಲ. ಅದು ಅವಳ ದೋಷ ಎನ್ನುವವರು ಎನ್ನಲಿ ಬಿಡಿ; ಅದಿರಿನ ಆ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಬಾಳಿದವರ್ಯಾರೂ ಹಾಗೆ ಅನ್ನಲಾರರು. ನಿನ್ನೆ ಪಂಕ್ಚರ್ ಹಾಕುತ್ತಿದ್ದವನು ಇವತ್ತು ಕಪ್ಪು ಗಾಜಿನ ಕಾರಿನಿಂದ ಇಳಿಯುತ್ತಿದ್ದ. ನಿನ್ನೆ ಕಂಡ ಗುಡ್ಡ ಇವತ್ತು ಅರ್ಧ ಇರುತ್ತಿತ್ತು, ಇನ್ನರ್ಧ ಎಲ್ಲಿ ಹೋಯಿತು ಅಂತ ಕೇಳಿದರೆ ಚೀನಾಕ್ಕೆ ಅನ್ನುತ್ತಿದ್ದರು. ಗುಡ್ಡವೇ ಊರು ಬಿಟ್ಟು ಹೋಗುವ ಕಾಲದಲ್ಲಿ ಹಾಲಿನವನ ಮಾತು ನಂಬು ಅಂದರೆ ಹೇಗೆ ನಂಬುವುದು ಹೇಳಿ!

ಹಾಗಾಗಿ ಅವಳು ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡುತ್ತಿದ್ದಳು. ಗ್ಯಾಸ್ ಸಿಲಿಂಡರನ್ನು ಎತ್ತಿ ಅಲುಗಿಸುತ್ತಿದ್ದಳು. ಬಸ್ಸಿನ ಟಿಕೀಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಆಮೇಲೆ ರವಿಕೆಯೊಳಗೆ ಇಟ್ಟುಕೊಳ್ಳುತ್ತಿದ್ದಳು. ಗಂಡ ನಾಸಿರ್ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಮನೆಗೆ ಬಂದರೆ ಅವನ ಅಂಗಿಯ ಮೇಲಿನ ಬೂದಿಯನ್ನು ಬೆರಳಲ್ಲಿ ತಿಕ್ಕಿ, "ಇದು ಪ್ಲಾಂಟಿನ ಬೂದಿನಾ, ಬ್ಯಾರೆ ಕಡಿದಾ?" ಎಂದು ಕೇಳುತ್ತಿದ್ದಳು. ಪಾಪ, ನಾಸಿರ್! ಬೇರೆ ಕಡೆ ಹೋಗುವ ತ್ರಾಣವಾದರೂ ಎಲ್ಲಿತ್ತು ಅವನಿಗೆ?

ಅವಳ ಮನೆ ಇದ್ದದ್ದು ಕೌಲ್ ಬಜಾರಿನ ಹಿಂದಿನ ಗಲ್ಲಿಯಲ್ಲಿ. ಹೊಲಿಗೆ ಮಿಷನ್ ಇಲ್ಲದ ಮನೆ ಆ ಗಲ್ಲಿಯಲ್ಲಿ ಇರಲಿಲ್ಲ. ಬೆಳಗಾದರೆ ಗಲ್ಲಿಯ ತುಂಬ ಜೀನ್ಸ್ ಪ್ಯಾಂಟು; ಚರಂಡಿಯಲ್ಲಿ ಹರಿಯುವುದು ನೀಲಿ ನೀರು, ಮಾಳಿಗೆಯ ಮೇಲೆ ಕೂರುವುದು ಅದಿರಿನ ಲಾರಿ ಎಬ್ಬಿಸಿದ ಕೆಂಪು ಧೂಳು. ಒಗೆದು ಒಣಗಹಾಕಿದ ಪ್ಯಾಂಟು ಸಂಜೆಗೆ ಕೆಂಪಾಗಿರುತ್ತಿತ್ತು. ಒಂದು ಸಲ ಹೈದರಾಬಾದಿನ ವ್ಯಾಪಾರಿಯೊಬ್ಬ ಅದನ್ನೇ ಹೊಸ ಫ್ಯಾಷನ್ನು ಅಂತ ತಿಳಿದು ಹಾಗೇ ಕಟ್ಟಿಸಿಕೊಂಡು ಹೋದ. ಮೊದಲನೇ ಒಗೆತಕ್ಕೆ ಫ್ಯಾಷನ್ನು ನೀರಿಗೆ ಹೋಗಿರಬೇಕು, ಅವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಮಾಸುಮಾಬಿ ಮೊದಲು ದೊಡ್ಡ ಅಂಗಡಿಯವರು ಕತ್ತರಿಸಿಟ್ಟ ಬಟ್ಟೆ ತಂದು ಹೊಲಿದುಕೊಡುತ್ತಿದ್ದಳು. ಅವರು ಬಟ್ಟೆಯ ತೂಕದಲ್ಲಿ ಮೋಸ ಮಾಡುತ್ತಾರೆ ಅನ್ನುವ ಅನುಮಾನ ಬಂದದ್ದೇ, ಆ ಕೆಲಸ ಬಿಟ್ಟು ತನ್ನದೇ ಮಾಲು ಹೊಲಿಯಲು ಶುರುಮಾಡಿದಳು. ಜೊತೆಗೆ ಬಾದನಹಟ್ಟಿಯಿಂದ ಬಂದು ಗಲ್ಲಿಯಲ್ಲೇ ಬಾಡಿಗೆಗಿದ್ದ ಪಾರಮ್ಮ. ಪಾರಮ್ಮ ದಾರ ಕದಿಯುತ್ತಾಳೆ ಎಂಬ ಅನುಮಾನ ಮಾಸುಮಾಬಿಗೆ ಮೊದಲ ದಿನದಿಂದಲೂ ಇತ್ತು, ಅದು ಪಾರಮ್ಮನಿಗೂ ಗೊತ್ತಿತ್ತು. ಇಬ್ಬರೂ ಅದರ ಮೇಲೇ ಸುಖವಾಗಿದ್ದರು.

ಅವಳ ಪ್ಯಾಂಟಿನ ಗುರುತು ಕರಡಿ. ಸೊಂಟದ ಹಿಂಬದಿಯಲ್ಲಿ ಒಂದು ಬಿಳಿ ಬಟ್ಟೆಯ ತುಂಡು, ಅದರ ಮೇಲೆ ಕಪ್ಪು ದಾರದಲ್ಲಿ ಹೊಲಿದ ಕರಡಿ. ಹೊಟ್ಟೆ ದೊಡ್ಡದು, ಟೋಪಿ ತಲೆಗೆ ಸಾಲದ್ದು, ಕೈಯಲ್ಲಿ ಮಡಚಿದ ಕೊಡೆ. ಕಣ್ಣು ಮಾತ್ರ ವಿಚಿತ್ರ, ಯಾರೋ ಒಂದು ತುಣುಕು ಮುರಿದುಕೊಂಡ ರೊಟ್ಟಿಯ ಹಾಗೆ. ಲಾರಿ ಡ್ರೈವರುಗಳಿಗೆ ಅದೆಂದರೆ ಪ್ರಾಣ. ಕೂತು ಕೂತು ಸವೆದರೂ ಸೀಟು ಹರಿಯದ ಪ್ಯಾಂಟು ಅಂತ, "ಕರಡಿದು ಕೊಡ್ರಿ" ಎಂದೇ ಕೇಳುತ್ತಿದ್ದರು.

ಆ ಕರಡಿ ಅವಳ ಅಬ್ಬಾನದು. ಅಬ್ಬಾ ದಾವಲಸಾಬ್ ಟೂರಿಂಗ್ ಟಾಕೀಸಿನಲ್ಲಿ ಸಿನಿಮಾ ಬಿಡುವ ಮಿಷನ್ ನಡೆಸುತ್ತಿದ್ದ. ಬೇಸಿಗೆಯುದ್ದಕ್ಕೂ ಸಿರುಗುಪ್ಪದಲ್ಲಿ ಟೆಂಟು; ತಿಂಗಳಿಗೊಮ್ಮೆ ಕುರುಗೋಡಿನ ಮನೆಗೆ ಬರುತ್ತಿದ್ದ. ಬಂದವನು ಕೈಕಾಲು ತೊಳೆಯುವ ಮೊದಲು ಮಗಳ ಸ್ಲೇಟು ಎಳೆದುಕೊಂಡು, ಬಳಪ ಎತ್ತದೆ ಒಂದೇ ಗೆರೆಯಲ್ಲಿ ಕರಡಿ ಬಿಡಿಸುತ್ತಿದ್ದ. "ಇದು ನಂದವ್ವ. ನಾನ ಹುಟ್ಟಿಸೀನಿ. ದುನಿಯಾದಾಗ ಮತ್ತ್ಯಾರ ಹತ್ರಾನೂ ಇಲ್ಲ, ನಿನ್ನ ಸ್ಲೇಟಿನ ಮ್ಯಾಗಷ್ಟ ಐತಿ," ಎನ್ನುತ್ತಿದ್ದ. ಹೆಣ್ಣುಮಕ್ಕಳು ಟೆಂಟಿಗೆ ಹೋಗಬಾರದು ಅಂತ ಅಮ್ಮನ ಕಟ್ಟಪ್ಪಣೆ, ಹಾಗಾಗಿ ಅವಳು ಅಪ್ಪನ ಸಿನಿಮಾ ಒಂದನ್ನೂ ನೋಡಲಿಲ್ಲ. ಅವಳು ಇನ್ನೂ ಲಂಗ ಹಾಕುವಾಗಲೇ ಅಬ್ಬಾ ಜ್ವರದಲ್ಲಿ ತೀರಿಕೊಂಡ.

ಆಮೇಲೆ ಎಲ್ಲರೂ ಸುಳ್ಳು ಹೇಳಿದರು. ಚಿಕ್ಕಪ್ಪ ಹೇಳಿದ, ಮನೆ ನಿಮ್ಮ ಹೆಸರಿಗೇ ಇದೆ ಅಂತ, ಇರಲಿಲ್ಲ. ನಾಸಿರನ ಕಡೆಯವರು ಹೇಳಿದರು, ಹುಡುಗ ಎಸ್ಸೆಸ್ಸೆಲ್ಸಿ ಪಾಸು ಅಂತ, ಆಗಿರಲಿಲ್ಲ. ಹೀಗೆ ಒಬ್ಬೊಬ್ಬರೇ ಅವಳ ನಂಬಿಕೆಯಿಂದ ಉದುರುತ್ತ ಹೋಗಿ, ಕೊನೆಗೆ ಉಳಿದವನು ಒಬ್ಬನೇ, ಸತ್ತುಹೋದ ಅಬ್ಬಾ. ಅವನೊಬ್ಬ ಸುಳ್ಳು ಹೇಳಲಿಲ್ಲ ಎಂಬುದೊಂದನ್ನು ಹಿಡಿದುಕೊಂಡು ಅವಳು ಬದುಕಿದ್ದಳು. ಕರಡಿ ಹೋದರೆ ಅದೂ ಹೋಗುತ್ತದೆ.

ಅಂಥ ಕರಡಿಯನ್ನು ಹುಡುಕಿಕೊಂಡು ಒಬ್ಬ ಮನುಷ್ಯ ಬಂದ.

ಮೊದಲು ಸುದ್ದಿ ತಂದವಳು ಪಾರಮ್ಮ. "ಯಕ್ಕಾ, ಯಾರೋ ಇಸ್ತ್ರಿ ಅಂಗಿಯವ ಬಜಾರದಾಗ ನಮ್ಮ ಕರಡಿ ಪ್ಯಾಂಟ್ ಕೊಂಡಾನ. ಕೊಂಡು, ಹಿಂದ ತಿರುಗಿಸಿ ಫೋಟೋ ಹೊಡಕೊಂಡನಂತ."

"ಹಾಕ್ಕೊಳ್ಳಾಕ ಕೊಂಡಾನೋ, ಫೋಟೋಕ್ಕ ಕೊಂಡಾನೋ?"

"ಅವನ ಹೊಟ್ಟಿ ನೋಡಿದ್ರ ಹಾಕ್ಕೊಳ್ಳಾಕಂತೂ ಅಲ್ಲ."

ಗಲ್ಲಿಗೆ ಅಷ್ಟು ಸಾಕಾಯಿತು. ದೊಡ್ಡ ಕಂಪನಿಗಳ ಹೆಸರು ಕದ್ದು ಹೊಲಿಯುವವರನ್ನು ಹಿಡಿಯಲು ಆಗಾಗ ರೇಡು ಬೀಳುತ್ತಿತ್ತು. ಕರಡಿಯ ಹೆಸರಲ್ಲಿ ಬಂದವನು ಉಳಿದವರ ಪ್ಯಾಂಟಿನ ಕುದುರೆಯನ್ನೂ ಹುಲಿಯನ್ನೂ ಬಿಡುತ್ತಾನೆಯೇ? ಎದುರು ಮನೆಯ ಶಬನಂ ತನ್ನ ಲೇಬಲ್ಲುಗಳನ್ನೆಲ್ಲ ಅಕ್ಕಿ ಡಬ್ಬಿಯೊಳಗೆ ಹೂತಳು. ಇನ್ನೊಬ್ಬರು ತೊಟ್ಟಿಲ ಹಾಸಿಗೆ ಕೆಳಗಿಟ್ಟು ಮೇಲೆ ಮಗುವನ್ನು ಮಲಗಿಸಿದರು. ಶಬನಂಳೇ ರೇಡಿನವರಿಗೆ ಸುದ್ದಿ ಕೊಟ್ಟಿರಬೇಕು ಅಂತ ಮಾಸುಮಾಬಿಗೆ ಅನುಮಾನ. ಮಾಸುಮಾಬಿಯ ದೆಸೆಯಿಂದ ಗಲ್ಲಿಗೇ ರೇಡು ಬಂತು ಅಂತ ಶಬನಂಳಿಗೆ ಸಿಟ್ಟು. ಇಬ್ಬರೂ ಒಬ್ಬರ ಬಾಗಿಲನ್ನು ಒಬ್ಬರು ಕಾಯುತ್ತ ಕೂತರು.

ಬಂದವನು ರೇಡಿನವನಾಗಿರಲಿಲ್ಲ. ಹೆಸರು ಚಿದಾನಂದಪ್ಪ, ಬಳ್ಳಾರಿಯದೇ ಗಾಂಧಿನಗರದಲ್ಲಿ ಆಫೀಸು, ಗಣಿ ಸಾಹುಕಾರರೊಬ್ಬರ ಕಾಗದ ಪತ್ರ ನೋಡಿಕೊಳ್ಳುವ ವಕೀಲ. ಚಪ್ಪಲಿ ಹೊರಗೆ ಬಿಟ್ಟು, ತಲೆ ಬಗ್ಗಿಸಿ ಒಳಗೆ ಬಂದು, ಕೊಟ್ಟ ನೀರನ್ನು ಪೂರ್ತಿ ಕುಡಿದ. ಇಷ್ಟೊಂದು ಮರ್ಯಾದೆಯ ಮನುಷ್ಯನನ್ನು ಕಂಡು ಮಾಸುಮಾಬಿಯ ಅನುಮಾನ ಇಮ್ಮಡಿಯಾಯಿತು. ಮರ್ಯಾದೆ ಸುಮ್ಮನೆ ಯಾರೂ ಕೊಡುವುದಿಲ್ಲ.

"ಅಮ್ಮಾ, ಈ ಕರಡಿ ನಿಮಗ ಎಲ್ಲಿ ಸಿಕ್ತು?"

"ಸಿಗಾಕ ಅದೇನು ದಾರಿಮ್ಯಾಗ ಬಿದ್ದಿತ್ತೇನ್ರಿ? ನಮ್ಮ ಅಬ್ಬಾಂದು ಅದು. ಅವರ ಹುಟ್ಟಿಸಿದ್ದು."

ಚಿದಾನಂದಪ್ಪ ವಾದ ಮಾಡಲಿಲ್ಲ. ಚೀಲದಿಂದ ಲ್ಯಾಪ್‌ಟಾಪ್ ತೆಗೆದು, ಹೊಲಿಗೆ ಮಿಷನ್ನಿನ ಮೇಲಿಟ್ಟು ಬಿಚ್ಚಿದ. ಕಪ್ಪು ಬಿಳುಪಿನ ಪರದೆಯ ಮೇಲೆ ಗೆರೆಗಳು ನಡುಗಿದವು. ಆಮೇಲೆ ಕರಡಿ ಬಂತು: ಅದೇ ಹೊಟ್ಟೆ, ಅದೇ ಸಾಲದ ಟೋಪಿ, ಅದೇ ಮುರಿದ ರೊಟ್ಟಿಯ ಕಣ್ಣು. ಕರಡಿ ಕೊಡೆ ತಿರುಗಿಸುತ್ತ ನಡೆಯಿತು, ಜಾರಿ ಬಿತ್ತು, ಎದ್ದು ಹೊಟ್ಟೆ ಒರೆಸಿಕೊಂಡಿತು. ಸದ್ದು ಮಾತ್ರ ಇಲ್ಲ. ಒಂದು ಕ್ಷಣ ಮಾಸುಮಾಬಿಗೆ ಎಷ್ಟು ಸಂತೋಷವಾಯಿತೆಂದರೆ, ಅಬ್ಬಾನೇ ಬಾಗಿಲಲ್ಲಿ ಬಂದು ನಿಂತ ಹಾಗಾಯಿತು. ಸ್ಲೇಟಿನ ಮೇಲೆ ನಿಂತೇ ಇರುತ್ತಿದ್ದ ಕರಡಿ ನಡೆಯುತ್ತಿತ್ತಲ್ಲ!

"ಇದು ಯಾವಾಗ ಮಾಡಿದ್ದು?"

"ಬಾಳ ಹಿಂದ. ನಿಮ್ಮಪ್ಪ ಇನ್ನೂ ಹುಟ್ಟಿರಲಿಕ್ಕಿಲ್ಲ. ಅಮೆರಿಕಾದಾಗ ಮಾಡ್ಯಾರ."

ಸಂತೋಷ ಬಂದ ಹಾಗೇ ಹೋಯಿತು. ಪಾರಮ್ಮ ಮಿಷನ್ ನಿಲ್ಲಿಸಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಕಂಪ್ಯೂಟರ್‌ನಾಗ ಸತ್ತವರನ್ನೂ ಕುಣಸ್ತೀರಿ ನೀವು," ಎಂದಳು ಮಾಸುಮಾಬಿ. "ನಮ್ಮ ಕರಡಿ ಫೋಟೋ ಹೊಡಕೊಂಡು ಹೋಗಿ ಇದನ್ನ ಮಾಡ್ಕೊಂಡು ಬಂದೀರಿ. ನಿಮ್ಮನ್ನ ಯಾರು ಕಳಿಸ್ಯಾರ, ಆ ಅಮೆರಿಕಾದವರಾ?"

"ಆ ಕಂಪನಿ ಯಾವಾಗೋ ಮುಳುಗೇತಿ ಬಿಡ್ರಿ. ಹಕ್ಕು ತೀರಿ ಹೋಗೇತಿ. ಇಂಥಾದ್ದಕ್ಕ ಪಬ್ಲಿಕ್ ಡೊಮೇನ್ ಅಂತಾರ. ಅಂದ್ರ ಈಗ ಯಾರದೂ ಅಲ್ಲ. ಯಾರು ಬೇಕಾದ್ರೂ ಹಾಕ್ಕೋಬಹುದು."

"ಪೊರಂಬೋಕು ಅನ್ರಿ ಮತ್ತ!"

ಚಿದಾನಂದಪ್ಪ ತೊಡೆ ತಟ್ಟಿಕೊಂಡು ನಕ್ಕ. ಕಾನೂನು ಓದಿ ಇಷ್ಟು ವರ್ಷವಾದರೂ ಅವನಿಗೆ ಈ ಮಾತು ಹೊಳೆದಿರಲಿಲ್ಲ. ಆದರೆ ಮಾಸುಮಾಬಿ ನಗಲಿಲ್ಲ. ಬಳ್ಳಾರಿ ಮದ್ರಾಸಿಗೆ ಸೇರಿದ್ದ ಕಾಲದಿಂದ ಉಳಿದುಕೊಂಡ ಮಾತು ಅದು, ಮತ್ತು ಇಲ್ಲಿ ಅದಕ್ಕೆ ಎರಡು ಅರ್ಥ. ಯಾರ ಹೆಸರಿಗೂ ಇಲ್ಲದ, ಊರ ದನ ಮೇಯುವ ಜಾಗ ಪೊರಂಬೋಕು. ಕೆಲಸವಿಲ್ಲದೆ ಊರು ತಿರುಗುವ ದಂಡಪಿಂಡವೂ ಪೊರಂಬೋಕು. ಒಂದೇ ಉಸಿರಿನಲ್ಲಿ ಕರಡಿಗೂ ಅಬ್ಬಾನಿಗೂ ಆ ಹೆಸರು ಅಂಟಿದ ಹಾಗೆ ಅವಳಿಗೆ ಕೇಳಿಸಿತು. ತಾನೇ ಅಂದದ್ದು ಎಂಬುದು ಇನ್ನೂ ಉರಿಸಿತು.

"ಯಾರು ಬೇಕಾದ್ರೂ ಹಾಕ್ಕೋಬಹುದು ಅಂದ್ರ, ನಾ ಹಾಕ್ಕೊಂಡೀನಿ. ನೀವ್ಯಾಕ ಬಂದ್ರಿ?"

"ಅದನ್ನ ಹೇಳಾಕ ಬಂದೀನಿ ನೋಡ್ರಿ. ನಮ್ಮ ಸಾವ್ಕಾರ್ರು ಜೀನ್ಸ್ ಫ್ಯಾಕ್ಟರಿ ಹಾಕಾಕತ್ಯಾರ. ಅವರಿಗೆ ಈ ಕರಡಿ ಬಾಳ ಹಿಡಿಸೇತಿ. ತಮ್ಮ ಮಾರ್ಕ್ ಅಂತ ರಿಜಿಸ್ಟ್ರಿ ಮಾಡಿಸ್ತಾರ. ಆಮ್ಯಾಲ ನೀವು ಹಾಕಂಗಿಲ್ಲ. ಈಗಲೇ ಸುಮ್ನ ಬಿಟ್ಟುಬಿಡ್ರಿ, ಫ್ಯಾಕ್ಟರಿಯಾಗ ನಿಮಗ ಕುಂತು ಮಾಡೋ ಕೆಲಸ ಕೊಡಸ್ತೀನಿ."

"ಈಗಷ್ಟ ಯಾರದೂ ಅಲ್ಲ ಅಂದ್ರಿ. ಯಾರದೂ ಅಲ್ಲದ್ದು ನಿಮ್ಮ ಸಾವ್ಕಾರಂದು ಹೆಂಗಾಗ್ತೈತಿ?"

"ಗುಡ್ಡ ಯಾರದಿತ್ತಮ್ಮ?" ಎಂದ ಚಿದಾನಂದಪ್ಪ. ಕೆಟ್ಟತನದಿಂದೇನೂ ಹೇಳಲಿಲ್ಲ, ಇಂದು ಸೋಮವಾರ ಅನ್ನುವಷ್ಟು ಸಹಜವಾಗಿ ಹೇಳಿದ. "ಊರಾಗ ನೀವೊಬ್ಬರ ಹಾಕೋದು, ಅದಕ್ಕ ಸಲೀಸಾಗೇತಿ. ಗಲ್ಲಿ ತುಂಬ ಎಲ್ಲಾರೂ ಹಾಕ್ತಿದ್ರ, ಇದು ಎಲ್ಲಾರ ಗುರುತು, ಒಬ್ಬರ ಹೆಸರಿಗೆ ಕೊಡಾಕ ಬರಂಗಿಲ್ಲ ಅಂತ ರಿಜಿಸ್ಟ್ರಿಯವರು ತಕರಾರು ತಗೀತಿದ್ರು."

"ನಮ್ಮ ಅಬ್ಬಾನ ಬರದದ್ದು ಅಂತ ಸಾಕ್ಷಿ ತಂದ್ರ?"

"ತಂದ್ರ ಸಾವ್ಕಾರ್ರು ಮುಟ್ಟಂಗಿಲ್ಲ. ತರ್ರಿ," ಎಂದು ಅವನು ಲ್ಯಾಪ್‌ಟಾಪ್ ಮಡಚಿ, ಮತ್ತೆ ತಲೆ ಬಗ್ಗಿಸಿ ಹೊರಟುಹೋದ.

ಮರುದಿನವೇ ಅವಳು ಸಿರುಗುಪ್ಪದ ಬಸ್ಸು ಹತ್ತಿದಳು. ಸಾಕ್ಷಿಗೆ ಉಳಿದಿದ್ದವನು ಎರ್ರೆಪ್ಪ ಒಬ್ಬನೇ. ಟೆಂಟಿನ ಬಾಗಿಲಲ್ಲಿ ಟಿಕೀಟು ಹರಿಯುತ್ತಿದ್ದವನು, ಅಬ್ಬಾನ ಜೀವದ ಗೆಳೆಯ. ದಾರಿಯುದ್ದಕ್ಕೂ ಅವಳು ಮನಸ್ಸಿನಲ್ಲೇ ಅವನಿಗೆ ಪಾಠ ಹೇಳಿಕೊಡುತ್ತಿದ್ದಳು: ಹೀಗೆ ಹೇಳಬೇಕು, ವಕೀಲ ಹಾಗೆ ಕೇಳಿದರೆ ಹೀಗೆ ಅನ್ನಬೇಕು. ಅಲ್ಲ, ಸಾಹುಕಾರ ಮೊದಲೇ ಬಂದು ಅವನ ಕೈ ಬೆಚ್ಚಗೆ ಮಾಡಿರಬಹುದಲ್ಲ? ಬಸ್ಸಿನಲ್ಲಿ ಎರಡು ಸೀಟು ಹಿಂದೆ ಕೂತ ಕೆಂಪು ಅಂಗಿಯವನು ತನ್ನನ್ನೇ ಹಿಂಬಾಲಿಸುತ್ತಿದ್ದಾನೆ ಅಂತಲೂ ಅನಿಸಿತು. ಅವನು ನಡುವೆ ಯಾವುದೋ ಊರಲ್ಲಿ ಕೋಳಿ ಬುಟ್ಟಿ ಇಳಿಸಿಕೊಂಡು ಹೋದ ಮೇಲೂ ಅನುಮಾನ ಪೂರ್ತಿ ಹೋಗಲಿಲ್ಲ.

ಎರ್ರೆಪ್ಪ ಕಾಲುವೆ ಪಕ್ಕದ ಅಕ್ಕಿ ಗಿರಣಿಯ ಮುಂದೆ ಬೆಂಚಿನ ಮೇಲೆ ಕೂತಿದ್ದ. ಕಣ್ಣು ಮಂಜಾಗಿತ್ತು, ನಾಲಿಗೆ ಆಗಿರಲಿಲ್ಲ. ದಾವಲಸಾಬನ ಮಗಳು ಎಂದದ್ದೇ ಅವಳ ಎರಡೂ ಕೈ ಹಿಡಿದುಕೊಂಡು, "ಓಯಮ್ಮ! ಎಂತ ದೊಡ್ಡಾಕಿ ಆಗೀಯವ್ವ!" ಅಂತ ತೆಲುಗಿನ ಎಳೆತದಲ್ಲಿ ಕೂಗಿದ. ಅವಳು ಚೀಲದಿಂದ ಕರಡಿಯ ತುಂಡು ತೆಗೆದು ಅವನ ಅಂಗೈಯಲ್ಲಿಟ್ಟಳು. ಅವನು ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಕೆಮ್ಮು ಬರುವಷ್ಟು ನಕ್ಕ.

"ಎಲುಗುಬಂಟಿ! ನಮ್ಮ ಟೆಂಟಿನ ಕರಡಿ! ಇವನ್ನ ಎಲ್ಲಿ ಹಿಡದಿ?"

"ಅಬ್ಬಾ ಬರದದ್ದು ಇದು. ಹೌದಿಲ್ಲೋ? ನೀ ಬಂದು ಬಳ್ಳಾರ್ಯಾಗ ಅಷ್ಟು ಹೇಳಬೇಕು ಎರ್ರೆಪ್ಪಜ್ಜ."

ಎರ್ರೆಪ್ಪ ನಗು ನಿಲ್ಲಿಸಿದ. "ಬರದದ್ದಾ? ಇಲ್ಲವ್ವ. ಇದು ಮಿಷನ್ ಜೋಡಿ ಬಂದಿತ್ತು. ಮಾಲೀಕ ಮದ್ರಾಸಿನಾಗ ಹಳೇ ಮಿಷನ್ ಕೊಂಡಾಗ ಪೆಟಗಿಯಾಗ ಒಂದು ಸಣ್ಣ ರೀಲು ಬಿದ್ದಿತ್ತು. ದೊರೆಗಳ ಕಾಲದ್ದು, ಮಾತಿಲ್ಲದ್ದು. ಜನಾ ಕುಂದ್ರೋತನಕ ಅದನ್ನ ಬಿಡ್ತಿದ್ವಿ."

ಮಾಸುಮಾಬಿ ಬೆಂಚಿನ ಅಂಚು ಹಿಡಿದುಕೊಂಡಳು.

"ಆದ್ರ ನಿಮ್ಮಪ್ಪ ಇದ್ದನಲ್ಲ," ಎರ್ರೆಪ್ಪ ಹುರುಪಿನಿಂದ ಮುಂದುವರಿಸಿದ, "ಮಿಷನ್ ಪಕ್ಕ ನಿಂತು ಆ ಕರಡಿಗೆ ಮಾತು ಹಚ್ಚತಿದ್ದ. ತೆಲುಗಿನಾಗ ತಾನ ಕೇಳತಿದ್ದ, ಏಮಯ್ಯಾ, ಎಕ್ಕಡಿಕಿ ಪೋತುನ್ನಾವು ಅಂತ. ಕನ್ನಡದಾಗ ಕರಡಿ ಹೇಳತಿತ್ತು, ಮಾವನ ಮನಿಗೆ ಹೊಂಟೀನಿ, ಕೊಡಿ ಇಸಗೊಂಡೀನಿ, ಮಳಿ ಬಂದಿಲ್ಲ ಅಂತ. ಟೆಂಟಿಗೆ ಟೆಂಟ ಬಿದ್ದು ಬಿದ್ದು ನಗತಿತ್ತು. ದೊಡ್ಡ ಸಿನಿಮಾ ಯಾರಿಗೆ ಬೇಕಾಗಿತ್ತು? ಜನಾ ಬರ್ತಿದ್ದದ್ದ ಅದಕ್ಕ!"

"ಅವರು ನನಗ, ನಾನ ಹುಟ್ಟಿಸೀನಿ ಅಂತ ಹೇಳತಿದ್ರು."

"ಎಲ್ಲಾರಿಗೂ ಹಂಗ ಹೇಳತಿದ್ದ! ಚಾ ಅಂಗಡಿಯಾಗ, ಕಟಿಂಗ್ ಅಂಗಡಿಯಾಗ, ಎಲ್ಲಾ ಕಡಿ. ನಾವು ನಗತಿದ್ವಿ, ಅವನೂ ನಗತಿದ್ದ." ಎರ್ರೆಪ್ಪ ಅವಳ ಮುಖದ ಕಡೆ ಮಂಜುಗಣ್ಣು ತಿರುಗಿಸಿದ. ದನಿ ತಗ್ಗಿತು. "ನೀ ನಂಬಿದ್ದೇನವ್ವ?"

ನೋಡಿ, ಬಳ್ಳಾರಿ ಜಿಲ್ಲೆಯಲ್ಲಿ ಎಳೆಮಗುವಿನ ಮಾತನ್ನೂ ನಂಬದ ಹೆಂಗಸು, ಇಡೀ ಸಿರುಗುಪ್ಪ ನಕ್ಕು ಬಿಟ್ಟ ಮಾತನ್ನು ಎದೆಯಲ್ಲಿಟ್ಟುಕೊಂಡು ಮುದುಕಿಯಾಗುವ ಹಂತಕ್ಕೆ ಬಂದಿದ್ದಳು. ಎರ್ರೆಪ್ಪ ಊಟ ಮಾಡಿಕೊಂಡು ಹೋಗು ಅಂದ. ಅವಳು ಹಸಿವಿಲ್ಲ ಅಂತ ಎದ್ದಳು.

ಬರುವಾಗ ಬಸ್ಸಿನ ಕಿಟಕಿಯಾಚೆ ಭತ್ತದ ಗದ್ದೆ ಹಸಿರಾಗಿ ಓಡುತ್ತಿತ್ತು, ಅವಳಿಗೆ ಸಿಟ್ಟು ಏರುತ್ತಿತ್ತು. ಸಾಹುಕಾರನ ಮೇಲಲ್ಲ, ಅಬ್ಬಾನ ಮೇಲೆ. ಚಿಕ್ಕಪ್ಪ ಮನೆಗಾಗಿ ಸುಳ್ಳು ಹೇಳಿದ, ಬೀಗರು ಮದುವೆಗಾಗಿ ಹೇಳಿದರು; ನೀನು ಯಾತಕ್ಕೆ ಹೇಳಿದೆ? ಸ್ಲೇಟು ಹಿಡಿದುಕೊಂಡು ಬಾಗಿಲಲ್ಲಿ ಕಾಯುತ್ತಿದ್ದವಳಿಗೆ ಅದು ಮಿಷನ್ ಜೊತೆ ಬಂದ ಕರಡಿ ಅಂದಿದ್ದರೆ ಅವಳೇನು ಮುಖ ತಿರುಗಿಸುತ್ತಿದ್ದಳೇ? ಅವಳು ಬಸ್ಸಿನಲ್ಲೇ ಜೋರಾಗಿ, "ಸುಳ್ಳಬುರುಕ!" ಎಂದುಬಿಟ್ಟಳು. ಪಕ್ಕದಲ್ಲಿ ಕೂತ ಗಂಡಸು ಗಾಬರಿಯಾಗಿ ಎದ್ದು ಮುಂದಿನ ಸೀಟಿಗೆ ಹೋದ.

ಮನೆಗೆ ಬಂದು ಪಾರಮ್ಮನಿಗೆ ಎಲ್ಲ ಹೇಳಿದಳು. ಪಾರಮ್ಮ, "ಹೋಗ್ಲಿ ಬಿಡಕ್ಕ. ನವಿಲು ಹಾಕೋಣ. ನವಿಲು ಚಲೋ ಕಾಣತೈತಿ," ಅಂದಳು.

ಹಾಕಬಹುದಿತ್ತು. ಅಬ್ಬಾನ ಮೇಲಿನ ಸಿಟ್ಟಿಗೆ ಕರಡಿಗಳನ್ನೆಲ್ಲ ಒಲೆಗೆ ಹಾಕಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅವಳು ತುಂಡುಗಳ ಕಟ್ಟನ್ನು ಎತ್ತಿಕೊಂಡು ಒಲೆಯ ತನಕ ಹೋದಳು ಕೂಡ. ಆದರೆ ಚಿದಾನಂದಪ್ಪ ಅಷ್ಟು ಹಗುರಾಗಿ ಹೇಳಿದ ಮಾತು ಕಿವಿಯಲ್ಲಿತ್ತು. ಗುಡ್ಡ ಯಾರದಿತ್ತಮ್ಮ? ಅವಳಿಗೆ ಅಬ್ಬಾನ ಮೇಲಿನ ಸಿಟ್ಟಿಗಿಂತ ದೊಡ್ಡ ಸಿಟ್ಟು ನೆತ್ತಿಗೇರಿತು. "ಸುಳ್ಳು ಹೇಳಿದ್ದು ಅಬ್ಬಾ, ಕರಡಿ ಏನು ಮಾಡೇತಿ?" ಎಂದಳು. "ಗುಡ್ಡ ನುಂಗಿದವನ ಹೊಟ್ಟಿಗೆ ಇದೂ ಬೇಕಾ? ಪೊರಂಬೋಕು ಅಂದ್ರ ಪೊರಂಬೋಕ ಆಗ್ಲಿ. ಬೇಲಿ ಹಾಕಾಕ ನಾ ಬಿಡಂಗಿಲ್ಲ."

ಕಟ್ಟನ್ನು ತಾಟಿನಲ್ಲಿಟ್ಟುಕೊಂಡು ಅವಳು ಗಲ್ಲಿಗಿಳಿದಳು. ಮನೆ ಮನೆಗೂ ಹೋಗಿ, "ನಿಮ್ಮ ಪ್ಯಾಂಟಿಗೂ ಕರಡಿ ಹಾಕ್ರಿ. ಮಾದರಿ ನಾ ಕೊಡ್ತೀನಿ, ಹೊಲಿಯೋದು ಹೇಳಿಕೊಡ್ತೀನಿ. ಸುಮ್ನ ತಗೊಳ್ರಿ," ಎಂದಳು.

ಯಾರೂ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳುತ್ತಾರೆಯೇ? ಸೂಜಿ ಕೊಟ್ಟರೂ ಸಂಜೆಯೊಳಗೆ ವಾಪಸು ಕೇಳುವ ಮಾಸುಮಾಬಿ, ತನ್ನ ನೆರಳನ್ನೇ ನಂಬದ ಮಾಸುಮಾಬಿ, ಗಿರಾಕಿ ಹುಡುಕಿಕೊಂಡು ಬರುವ ಗುರುತನ್ನು ಪುಕ್ಕಟೆ ಕೊಡುತ್ತಾಳಂತೆ! ಒಬ್ಬಳು ತುಂಡನ್ನು ಬೆಳಕಿಗೆ ಹಿಡಿದು ನೋಡಿದಳು. ಒಬ್ಬ ಗಂಡಸು ಮೂಸಿ ನೋಡಿದ. "ಮನ್ಯಾಗ ಕೇಳಿ ಹೇಳ್ತೀವಿ," ಎಂದರು ಕೆಲವರು. ಬಾಗಿಲ ಮರೆಯಿಂದ, ರೇಡಿನವರು ಹಿಡಿದಿದ್ದಾರೆ, ನಮ್ಮನ್ನೂ ಸಿಕ್ಕಿಸಲು ಬಂದಿದ್ದಾಳೆ ಎಂಬ ಪಿಸುಮಾತು ಕೇಳಿಸಿತು. ಜನ್ಮವೆಲ್ಲ ತಾನು ಊರಿಗೆ ಹಂಚಿದ ಅನುಮಾನ ಅವತ್ತು ಒಟ್ಟಿಗೆ ತನ್ನ ತಾಟಿಗೆ ಬಂದು ಬಿತ್ತು.

ಕೊನೆಗೆ ಶಬನಂಳ ಬಾಗಿಲು. ಶಬನಂ ಸೊಂಟದ ಮೇಲೆ ಕೈಯಿಟ್ಟು ಅಡ್ಡ ನಿಂತಿದ್ದಳು. ಅವಳು ಮಾತಾಡಿದರೆ ಗಲ್ಲಿಯ ಆ ತುದಿಗೆ ಕೇಳುತ್ತದೆ.

"ನಿಮ್ಮ ಅಬ್ಬಾನ ಕರಡಿ ಅಲ್ಲೇನವ್ವ ಅದು? ನಾ ಒಂದು ಸಲ ಅದರ ಟೋಪಿ ನೋಡಿ ಬರಕೊಂಡಿದ್ದಕ್ಕ ಬೀದ್ಯಾಗ ನನ್ನ ಮಾನ ಕಳದಿದ್ದಿ. ಇವತ್ತ ಹರಿವಾಣದಾಗ ಇಟ್ಕೊಂಡು ಬಂದಿ. ಇದರಾಗೇನೈತಿ ಹೇಳು. ಖರೇ ಹೇಳಿದ್ರ ತಗೋತೀನಿ."

ಮಾಸುಮಾಬಿ ಸಾಹುಕಾರನ ಸುದ್ದಿ ಹೇಳಿದಳು, ರಿಜಿಸ್ಟ್ರಿ ಸುದ್ದಿ ಹೇಳಿದಳು. ಶಬನಂ ತಲೆ ಅಲ್ಲಾಡಿಸಿದಳು. "ಅದೆಲ್ಲಾ ಇರ್ಲಿ. ನಿಮ್ಮಪ್ಪಂದು ಇದ್ರ ನೀನ ಹೋಗಿ ಜಗಳಾಡು. ನಮಗ್ಯಾಕ ಕೊಡ್ತಿ?"

ಬಾಗಿಲುಗಳಲ್ಲಿ ಜನ ನಿಂತಿದ್ದರು. ಮಿಷನ್ನುಗಳು ನಿಂತಿದ್ದವು. ಮಾಸುಮಾಬಿ ಎಲ್ಲರನ್ನೂ ಒಮ್ಮೆ ನೋಡಿದಳು. ಪಾರಮ್ಮನಿಗೆ ಹೇಳಿದ್ದು ಒಳಗಿನ ಮಾತು, ಇದು ಬೀದಿ.

"ನಮ್ಮಪ್ಪಂದು ಅಲ್ಲ," ಎಂದಳು. "ಅವರು ಹುಟ್ಟಿಸಿದ್ದಲ್ಲ. ಅಮೆರಿಕಾದ್ದು, ಹಕ್ಕು ತೀರಿದ್ದು, ಪೊರಂಬೋಕು. ನಮ್ಮ ಅಬ್ಬಾ ನನಗ ಸುಳ್ಳು ಹೇಳಿದ್ರು. ಊರಿಗೆಲ್ಲಾ ಗೊತ್ತಿತ್ತು, ನನಗೊಬ್ಬಾಕಿಗೆ ಗೊತ್ತಿರಲಿಲ್ಲ." ಅಷ್ಟು ಹೇಳಿ ಅವಳು ತಾಟನ್ನು ಕಟ್ಟೆಯ ಮೇಲಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಗಲ್ಲಿ ಅದನ್ನು ನಂಬಿತು. ಸತ್ತ ಅಪ್ಪನನ್ನು ಬೀದಿಯಲ್ಲಿ ನಿಂತು ಸುಳ್ಳುಗಾರ ಅಂತ ಯಾವ ಮಗಳೂ ವ್ಯಾಪಾರಕ್ಕಾಗಿ ಅನ್ನುವುದಿಲ್ಲ, ಅಷ್ಟು ಅವರಿಗೆ ಗೊತ್ತು. ಶಬನಂ ಬಗ್ಗಿ ತಾಟಿನಿಂದ ಒಂದು ಕರಡಿ ಎತ್ತಿಕೊಂಡಳು. "ಒಳಗ ಬಾ, ನೀರು ಕುಡಿ," ಎಂದಳು. ಅವಳ ಹಿಂದೆ ಉಳಿದವರೂ ಬಂದು ಒಂದೊಂದೇ ಎತ್ತಿಕೊಂಡರು.

ಚಿದಾನಂದಪ್ಪ ಮತ್ತೆ ಬರುವ ಹೊತ್ತಿಗೆ ಗಲ್ಲಿಯ ತಂತಿ ತಂತಿಯ ಮೇಲೂ ಕರಡಿಗಳು ಒಣಗುತ್ತಿದ್ದವು. ದಪ್ಪ ಕರಡಿ, ಸಣಕಲು ಕರಡಿ, ಶಬನಂಳ ಕೈಯಲ್ಲಿ ಮೀಸೆ ಬಂದ ಕರಡಿ. ಬ್ರೂಸ್‌ಪೇಟೆಯವರೂ ಹೊಲಿಯಲು ಶುರುಮಾಡಿದ್ದರು. ಅವನು ನಡುಗಲ್ಲಿಯಲ್ಲಿ ನಿಂತು ಕತ್ತೆತ್ತಿ ನೋಡಿ, "ಎಂಥಾ ಕೆಲಸ ಮಾಡಿದ್ರಿ ಅಮ್ಮಾ!" ಎಂದ.

"ಪೊರಂಬೋಕಿನ್ಯಾಗ ಎಲ್ಲಾರ ದನಾನೂ ಮೇಯ್ತಾವ್ರಿ," ಎಂದಳು ಮಾಸುಮಾಬಿ.

ಸಾಹುಕಾರ ಕರಡಿ ಬಿಟ್ಟು ಹದ್ದು ಹಿಡಿದ. ಅದು ಅವನಿಗೆ ಒಪ್ಪುತ್ತಿತ್ತು ಕೂಡ.

ಆದರೆ ಗಿರಾಕಿಗಳು ಸುಮ್ಮನಿರುವುದಿಲ್ಲವಲ್ಲ. ಇದು ಯಾವ ಕರಡಿ, ಎಲ್ಲಿಂದ ಬಂತು, ಎಲ್ಲರ ಹತ್ತಿರವೂ ಯಾಕಿದೆ ಅಂತ ಕೇಳತೊಡಗಿದರು. ಒಂದು ದಿನ ಶಬನಂ ತನ್ನ ಜಗಲಿಯಲ್ಲಿ ನಿಂತು ಆದೋನಿಯ ವ್ಯಾಪಾರಿಗೆ ಹೇಳುತ್ತಿದ್ದದ್ದು ಮಾಸುಮಾಬಿಯ ಕಿವಿಗೆ ಬಿತ್ತು: "ನಮ್ಮ ಕಡಿಯವರ ಹುಟ್ಟಿಸಿದ್ದು ರೀ. ದಾವಲಸಾಬ್ ಅಂತ ಇದ್ರು, ಬಾಳ ದೊಡ್ಡ ಕಲಾವಿದರು."

ವ್ಯಾಪಾರಿ ಹೋದದ್ದೇ ಮಾಸುಮಾಬಿ ಶಬನಂಳ ಮೇಲೆ ಹಾಯ್ದಳು. "ಅದು ಸುಳ್ಳು ಅಂತ ನಾ ಅಳಕೊಂತ ಹೇಳೀನಲ್ಲ!"

"ನೀ ಹೇಳಿದ್ದು ನಮಗ. ಗಿರಾಕಿಗೆ ಏನ್ ಹೇಳಾಕ ಬರ್ತೈತಿ? ಪೊರಂಬೋಕು ತಗೊಂಡು ಹೋಗ್ರಿ ಅನ್ನಾಕಾಗ್ತೈತಾ?"

ಗಲ್ಲಿಯವರೆಲ್ಲ ಗಿರಾಕಿಗಳಿಗೆ ಶಬನಂಳ ಕಥೆಯನ್ನೇ ಹೇಳಿದರು, ಅಂಗಡಿಯವರು ಅದಕ್ಕೆ ಒಂದಿಷ್ಟು ಸೇರಿಸಿದರು, ಲಾರಿ ಡ್ರೈವರುಗಳು ಅದನ್ನು ಬಂದರಿನ ತನಕ ಒಯ್ದರು.

ಮುಂದಿನ ವರ್ಷ, ಮದುವೆಯಾಗಿ ಊರಲ್ಲೇ ಉಳಿದಿದ್ದ ಅಕ್ಕನನ್ನು ನೋಡಲು ಅವಳು ಕುರುಗೋಡಿಗೆ ಹೊರಟಿದ್ದಳು. ಬಸ್ಸಿನಲ್ಲಿ ಮುಂದಿನ ಸೀಟಿನ ಪಕ್ಕ ಕಂಬಿ ಹಿಡಿದು ನಿಂತವನ ಸೊಂಟದ ಮೇಲೆ ಕರಡಿ ಇತ್ತು. ಸೀಟಿನಲ್ಲಿ ಕೂತ ಹೆಂಡತಿ ಬೆರಳಿನಿಂದ ಅದನ್ನು ಮುಟ್ಟಿ, "ಇದೆಂಥಾ ಹೆಗ್ಗಣ ರೀ?" ಅಂದಳು.

"ಹೆಗ್ಗಣ ಅಲ್ಲಲೇ, ಕರಡಿ. ನಮ್ಮ ಜಿಲ್ಲಾದವನ ಬರದದ್ದು. ದಾವಲಸಾಬ್ ಅಂತ. ಸಿರುಗುಪ್ಪದಾಗ ಸಿನಿಮಾ ಮಾಡ್ತಿದ್ದನಂತ, ಅಮೆರಿಕಾದವರು ಬಂದು ಈ ಕರಡಿ ಕೇಳಿಕೊಂಡು ಹೋದ್ರಂತ."

ಮಾಸುಮಾಬಿಗೆ ಸುಮ್ಮನಿರಲು ಆಗಲಿಲ್ಲ. "ನಿನಗ್ಯಾರು ಹೇಳಿದ್ರು?" ಎಂದಳು.

ಅವನು ತಿರುಗಿದ. "ಎಲ್ಲಾರಿಗೂ ಗೊತ್ತೈತಲ್ಲವ್ವ. ಯಾಕ, ಸುಳ್ಳೇನು?"

ಅವಳು ಬಾಯಿ ತೆರೆದಳು. ಹೌದು, ಶುದ್ಧ ಸುಳ್ಳು ಅನ್ನಬೇಕಿತ್ತು. ಬೀದಿಯಲ್ಲಿ ನಿಂತು ಅಂದವಳಿಗೆ ಬಸ್ಸಿನಲ್ಲಿ ಅನ್ನುವುದೇನು ಕಷ್ಟ? ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಹೆಂಡತಿ ಆ ಕರಡಿಯ ಹೊಟ್ಟೆಯ ಮೇಲೆ ಬೆರಳಾಡಿಸುತ್ತ ನಗುತ್ತಿದ್ದಳು.

"ಇಲ್ಲಪ್ಪ, ಖರೇನ ಐತಿ," ಎಂದಳು ಮಾಸುಮಾಬಿ. "ದಾವಲಸಾಬ್ ನಮ್ಮ ಅಬ್ಬಾ."

ಅವನು ಅವಳನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದ. "ಹಂಗ ಹೇಳೋರು ಬಾಳ ಮಂದಿ ಅದಾರವ್ವ ಈಗ," ಎಂದು ಹೆಂಡತಿಯ ಕಡೆ ತಿರುಗಿಕೊಂಡ.

ಮಾಸುಮಾಬಿ ಕುರುಗೋಡು ಬರುವ ತನಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು, ನಡುನಡುವೆ ಅದೇ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.